ಜೀವಕೋಶಗಳಿಂದ ಮಾಡಿದ ಪುಟ್ಟ ರೋಬೋಟ್‌ಗಳು ನಿಜವೇ? ಇವುಗಳಿಂದ ಏನು ಉಪಯೋಗ?

ನೀವು ಕೇಳಿರುವುದು ಇಷ್ಟು: ಕಪ್ಪೆಯ ಜೀವಕೋಶಗಳಿಂದ ರೋಬೋಟ್ ಮಾಡಿದ್ದಾರಂತೆ, ಅದು ಮರಿಯನ್ನೂ ಹಾಕುತ್ತದಂತೆ, ನಿಜಾನಾ? ಏನು ಉಪಯೋಗ, ಹೆದರಬೇಕಾ?

ನಿಜ. ಆದರೆ ‘ರೋಬೋಟ್’ ಅಂದ ಕೂಡಲೇ ಕಣ್ಣ ಮುಂದೆ ಬರುವ ಚಿತ್ರವನ್ನು ಮೊದಲು ಪಕ್ಕಕ್ಕಿಡಿ. ಇಲ್ಲಿ ತಂತಿ ಇಲ್ಲ, ಬ್ಯಾಟರಿ ಇಲ್ಲ, ಚಿಪ್ ಇಲ್ಲ. ಇರುವುದು ಒಂದು ಮಿಲಿಮೀಟರ್‌ಗಿಂತ ಚಿಕ್ಕದಾದ ಜೀವಕೋಶಗಳ ಉಂಡೆ. ಮೊದಲ ಸಲ ವಿಡಿಯೋ ನೋಡಿದಾಗ ನನಗೆ ನಿರಾಸೆಯೇ ಆಗಿತ್ತು. ನೀರಿನಲ್ಲಿ ಮಬ್ಬು ಬಣ್ಣದ ಚೂರೊಂದು ನಿಧಾನಕ್ಕೆ ಸುತ್ತು ಹೊಡೆಯುತ್ತಿತ್ತು. ಇಷ್ಟಕ್ಕಾ ಇಷ್ಟೊಂದು ಗಲಾಟೆ ಅನಿಸಿತು. ಅದನ್ನು ಹೇಗೆ ಮಾಡಿದರು ಅಂತ ಓದಿದ ಮೇಲೆ ಅದೇ ವಿಡಿಯೋವನ್ನು ನಾಲ್ಕೈದು ಸಲ ನೋಡಿದೆ.

2020ರ ಜನವರಿಯಲ್ಲಿ ಇದು ಹೊರಬಂತು. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಸ್ಯಾಮ್ ಕ್ರೀಗ್‌ಮನ್ ಮತ್ತು ಜೋಶ್ ಬೊಂಗಾರ್ಡ್ ಕಂಪ್ಯೂಟರ್ ಕಡೆಯವರು. ಟಫ್ಟ್ಸ್ ವಿಶ್ವವಿದ್ಯಾಲಯದ ಮೈಕಲ್ ಲೆವಿನ್ ಮತ್ತು ಡಗ್ಲಸ್ ಬ್ಲ್ಯಾಕಿಸ್ಟನ್ ಜೀವವಿಜ್ಞಾನದ ಕಡೆಯವರು. ಬಳಸಿದ್ದು ಕ್ಸೆನೋಪಸ್ ಲೇವಿಸ್ ಅನ್ನುವ ಆಫ್ರಿಕಾದ ಕಪ್ಪೆಯ ಭ್ರೂಣದ ಕೋಶಗಳನ್ನು. ಕ್ಸೆನೋಬಾಟ್ ಅನ್ನುವ ಹೆಸರು ಬಂದದ್ದು ಅಲ್ಲಿಂದಲೇ. (ಪ್ರಯೋಗಾಲಯಗಳಿಗೆ ಈ ಕಪ್ಪೆ ಹಳೇ ಪರಿಚಯ. ಒಂದು ಕಾಲದಲ್ಲಿ ಹೆಂಗಸರು ಗರ್ಭಿಣಿಯೋ ಅಲ್ಲವೋ ಅಂತ ತಿಳಿಯಲೂ ಇದನ್ನೇ ಬಳಸುತ್ತಿದ್ದರು.)

ಮೊದಲು ಸೂಪರ್‌ಕಂಪ್ಯೂಟರ್ ಒಂದರಲ್ಲಿ ಸಾವಿರಾರು ಆಕಾರಗಳನ್ನು ಹುಟ್ಟುಹಾಕಿದರು. ಚರ್ಮದ ಕೋಶ ಇಲ್ಲಿ, ಹೃದಯದ ಸ್ನಾಯುಕೋಶ ಅಲ್ಲಿ, ಹೀಗೆ ಜೋಡಿಸಿದರೆ ಮುಂದಕ್ಕೆ ಹೋಗುತ್ತದಾ ಅಂತ ಪರೀಕ್ಷೆ. ಚೆನ್ನಾಗಿ ಸಾಗಿದ್ದನ್ನು ಉಳಿಸಿಕೊಂಡು, ಅದನ್ನೇ ಸ್ವಲ್ಪ ಬದಲಿಸಿ ಮತ್ತೆ ಪರೀಕ್ಷೆ. ಕೊನೆಗೆ ಉಳಿದ ಆಕಾರಗಳನ್ನು ಬ್ಲ್ಯಾಕಿಸ್ಟನ್ ಸೂಕ್ಷ್ಮದರ್ಶಕದ ಕೆಳಗೆ, ಕೂದಲಿನಷ್ಟು ತೆಳುವಾದ ಉಪಕರಣಗಳಿಂದ, ಕೈಯಾರೆ ಕೆತ್ತಿದರು. ಹೃದಯದ ಕೋಶ ತಾನಾಗಿಯೇ ಮಿಡಿಯುತ್ತದಲ್ವಾ? ಆ ಮಿಡಿತವೇ ಇದರ ಮೋಟರ್. ಭ್ರೂಣದ ಕೋಶಗಳಲ್ಲಿ ಉಳಿದಿದ್ದ ಮೊಟ್ಟೆಯ ಹಳದಿ ಭಾಗದ ಅಂಶವೇ ಇಂಧನ. ಅದು ಒಂದು ವಾರದಷ್ಟು ಬರುತ್ತದೆ. ಮುಗಿದ ಮೇಲೆ ಉಂಡೆ ಕೊಳೆತುಹೋಗುತ್ತದೆ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾಗಿದ್ದು 2021ರ ಕೆಲಸ. ಆ ಸಲ ಕೆತ್ತಲೇ ಇಲ್ಲ. ಭ್ರೂಣದಿಂದ ಚರ್ಮವಾಗಬೇಕಿದ್ದ ಕೋಶಗಳನ್ನು ತೆಗೆದು ಸುಮ್ನೆ ಬಿಟ್ಟರು. ಅವು ಒಂದಕ್ಕೊಂದು ಅಂಟಿಕೊಂಡು ತಾವೇ ಉಂಡೆಯಾದವು. ಮೈಮೇಲೆ ಸಿಲಿಯಾ ಅನ್ನುವ ಸಣ್ಣ ಸಣ್ಣ ರೋಮಗಳು ಬಂದವು. ಕಪ್ಪೆಯ ಮೈಯಲ್ಲಿ ಈ ರೋಮಗಳ ಕೆಲಸ ಲೋಳೆಯನ್ನು ಸರಿಸುವುದು. ಇಲ್ಲಿ ಅವು ದೋಣಿಯ ಹುಟ್ಟುಗಳ ಹಾಗಾದವು, ಉಂಡೆ ಈಜಲು ಶುರುಮಾಡಿತು. ಅರ್ಧ ದಪ್ಪದಷ್ಟು ಕುಯ್ದರೂ ಸುಮಾರು ಐದು ನಿಮಿಷದಲ್ಲಿ ಗಾಯ ಬಹುಪಾಲು ಮುಚ್ಚಿಕೊಂಡಿತು.

ಇದರಲ್ಲಿ ಯಾವ ಜೀನನ್ನೂ ತಿದ್ದಿ ಈಜಲು ಕಲಿಸಿಲ್ಲ ಅನ್ನುವುದೇ ಮುಖ್ಯ. ಡಿಎನ್ಎ ಕಪ್ಪೆಯದ್ದೇ. ಕಪ್ಪೆ ಮಾತ್ರ ಆಗಲಿಲ್ಲ. ಪಕ್ಕದ ಕೋಶಗಳ ಒತ್ತಾಯ ಇಲ್ಲದಾಗ ಅವು ಬೇರೇನೋ ಕಟ್ಟಿಕೊಂಡವು. ನನ್ನ ಮಟ್ಟಿಗೆ ಇಲ್ಲಿಯವರೆಗಿನ ನಿಜವಾದ ಉಪಯೋಗ ಇದೇ. ಕೋಶಗಳು ಒಟ್ಟು ಸೇರಿ ಆಕಾರವನ್ನು ಹೇಗೆ ತೀರ್ಮಾನಿಸುತ್ತವೆ ಅಂತ ಕೇಳಲು ಒಂದು ದಾರಿ ಸಿಕ್ಕಿದೆ. ಅದು ತಿಳಿದರೆ ಹುಟ್ಟಿನಲ್ಲೇ ಬರುವ ಅಂಗದೋಷ, ಕಳೆದುಕೊಂಡ ಅಂಗ ಮತ್ತೆ ಬೆಳೆಸುವುದು, ಇಂಥವುಗಳ ಬಗ್ಗೆ ಸರಿಯಾಗಿ ಯೋಚಿಸಬಹುದು.

‘ಮರಿ ಹಾಕುವ’ ಮಾತು ಬಂದದ್ದು ಅದೇ ವರ್ಷದ ಕೊನೆಗೆ. ಮರಿ ಅನ್ನುವುದು ದೊಡ್ಡ ಮಾತಾಯಿತು. ಪ್ರಯೋಗಾಲಯದ ತಟ್ಟೆಯ ತುಂಬ ಬಿಡಿ ಕೋಶಗಳನ್ನು ಹರಡಿ ಅದರಲ್ಲಿ ಈ ಉಂಡೆಗಳನ್ನು ಬಿಟ್ಟರು. ಅವು ಸುತ್ತುತ್ತಾ ಸುತ್ತುತ್ತಾ ಬಿಡಿ ಕೋಶಗಳನ್ನು ಗುಡಿಸಿ ಗುಡ್ಡೆ ಹಾಕಿದವು. ಸಾಕಷ್ಟು ದೊಡ್ಡದಾದ ಗುಡ್ಡೆಗೆ ಕೆಲವು ದಿನಗಳಲ್ಲಿ ರೋಮ ಬಂದು ಅದೂ ಈಜತೊಡಗಿತು. ಕಂಪ್ಯೂಟರ್ ಹುಡುಕಿದ ಆಕಾರ ಪ್ಯಾಕ್‌ಮ್ಯಾನ್ ಗೇಮ್‌ನ ಬಾಯಿ ತೆರೆದ ಗೊಂಬೆಯ ಥರ ಇತ್ತು. ಆ ಬಾಯಿಗೆ ಕೋಶಗಳು ಚೆನ್ನಾಗಿ ಸಿಕ್ಕಿಕೊಳ್ಳುವುದರಿಂದ ಬರೀ ಉಂಡೆಗಿಂತ ಜಾಸ್ತಿ ತಲೆಮಾರು ನಡೆಯಿತು. ಆದರೂ ಬೇಗನೆ ನಿಂತುಹೋಯಿತು. ಸಾಮಗ್ರಿಯನ್ನು ಮನುಷ್ಯರೇ ಹಾಕಿಕೊಡಬೇಕು. ಕೆರೆಗೆ ಬಿಟ್ಟರೆ ಲಕ್ಷಗಟ್ಟಲೆ ಆಗಿಬಿಡುತ್ತವೆ ಅನ್ನುವ ಭಯ ಬೇಡ. ನರಕೋಶ ಒಂದೂ ಇಲ್ಲ, ಹಾಗಾಗಿ ‘ಯೋಚಿಸುತ್ತವೆ’ ಅನ್ನುವ ಸುದ್ದಿಗಳನ್ನೂ ನಂಬಬೇಡಿ.

ಔಷಧವನ್ನು ರೋಗ ಇರುವಲ್ಲಿಗೇ ಒಯ್ಯುವುದು, ರಕ್ತನಾಳ ಸ್ವಚ್ಛ ಮಾಡುವುದು, ಸಮುದ್ರದ ಮೈಕ್ರೋಪ್ಲಾಸ್ಟಿಕ್ ಗುಡಿಸುವುದು. ಈ ಮೂರನ್ನೂ ಎಲ್ಲ ವರದಿಗಳಲ್ಲೂ ನೋಡಿರುತ್ತೀರಿ. ಮೂರೂ ಸದ್ಯಕ್ಕೆ ಆಸೆಗಳು. ತಟ್ಟೆಯಲ್ಲಿ ಸಣ್ಣ ಕಣಗಳನ್ನು ಗುಡ್ಡೆ ಹಾಕಿದ್ದಂತೂ ನಿಜ. ಅಲ್ಲಿಂದ ಸಮುದ್ರಕ್ಕೆ ಬಹಳ ದೂರ. ನಮ್ಮ ಮೈಗೆ ಕಪ್ಪೆಯ ಕೋಶ ಬಿಟ್ಟರೆ ನಮ್ಮ ರೋಗನಿರೋಧಕ ಶಕ್ತಿ ಸುಮ್ಮನಿರುತ್ತದಾ?

ಅದಕ್ಕೇ 2023ರಲ್ಲಿ ಗಿಜೆಮ್ ಗುಮುಸ್ಕಾಯಾ ಮತ್ತು ಲೆವಿನ್ ತಂಡ ಮನುಷ್ಯರ ಕೋಶಕ್ಕೆ ಬಂತು. ದೊಡ್ಡವರ ಶ್ವಾಸನಾಳದ ಒಂದು ಕೋಶವನ್ನು ಜೆಲ್‌ನಲ್ಲಿ ಬೆಳೆಸಿದರೆ ಒಂದು ಪುಟ್ಟ ಚೆಂಡಾಗುತ್ತದೆ. ಪರಿಸರ ಬದಲಿಸಿದಾಗ ರೋಮಗಳು ಹೊರಗಡೆಗೆ ಬರುತ್ತವೆ. ಇದು ಆಂಥ್ರೋಬಾಟ್. ಗಾತ್ರ 30ರಿಂದ 500 ಮೈಕ್ರೋಮೀಟರ್ (ಸಾವಿರ ಮೈಕ್ರೋಮೀಟರ್ ಅಂದರೆ ಒಂದು ಮಿಲಿಮೀಟರ್), ಆಯಸ್ಸು 45ರಿಂದ 60 ದಿನ. ತಟ್ಟೆಯಲ್ಲಿ ಬೆಳೆಸಿದ ಮನುಷ್ಯನ ನರಕೋಶಗಳ ಪದರಕ್ಕೆ ಒಂದು ಗೀರು ಹಾಕಿದರು. ಆಂಥ್ರೋಬಾಟ್‌ಗಳು ಅಲ್ಲಿ ಗುಂಪಾಗಿ ಸೇತುವೆಯ ಹಾಗೆ ಕೂತವು. ಅವುಗಳ ಕೆಳಗೆ ನರಕೋಶಗಳು ಮತ್ತೆ ಬೆಳೆದು ಎರಡೂ ಬದಿ ಸೇರಿಕೊಂಡವು. ಯಾಕೆ ಹಾಗಾಯಿತು ಅನ್ನುವುದು ಸಂಶೋಧಕರಿಗೇ ಆಗ ಸ್ಪಷ್ಟವಾಗಿರಲಿಲ್ಲ. ಮುಂದೆ ರೋಗಿಯ ಸ್ವಂತ ಕೋಶದಿಂದಲೇ ಮಾಡಬಹುದು ಅನ್ನುವುದು ಇದರ ದೊಡ್ಡ ಲಾಭ. ಉಪಯೋಗ ಬರುವುದಾದರೆ ಮೊದಲು ಇಲ್ಲಿಂದಲೇ ಬರುತ್ತದೆ ಅಂತ ನನ್ನ ಅಂದಾಜು.

ನಿಮ್ಮವರಿಗೆ ಯಾರಿಗಾದರೂ ನರಕ್ಕೆ ಪೆಟ್ಟಾಗಿ, ಆ ಆಸೆಯಿಂದ ಈ ಪ್ರಶ್ನೆ ಕೇಳಿದ್ದರೆ ಒಂದು ಮಾತು. ನಾನು ಮೇಲೆ ಹೇಳಿದ್ದೆಲ್ಲ ನಡೆದದ್ದು ತಟ್ಟೆಯಲ್ಲಿ, ರೋಗಿಗಳ ಮೇಲಲ್ಲ. ‘ಜೀವಂತ ರೋಬೋಟ್ ಚಿಕಿತ್ಸೆ’ ಅಂತ ಹೇಳಿ ಈಗಲೇ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.