ಇರುವೆಯ ತಲೆ ಪೂರ್ತಿ ಸ್ಪಷ್ಟವಾಗಿ ಬರಲು ಫೋಕಸ್ ಸ್ಟ್ಯಾಕಿಂಗ್ ಬೇಕೇಬೇಕೆ?

ಐದು ಪಟ್ಟು ವರ್ಧನೆಯಲ್ಲಿ ಇರುವೆಯ ತಲೆಯನ್ನು ತೆಗೆಯುವಾಗ ಅಪರ್ಚರನ್ನು (ಲೆನ್ಸ್‌ನಲ್ಲಿ ಬೆಳಕು ಹಾಯುವ ರಂಧ್ರ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಕಿರಿದು) ಎಫ್/16ಕ್ಕೆ ಇಳಿಸಿದರೂ ಚಿತ್ರ ಮಂಕಾಗಿಯೇ ಬರುತ್ತಿದೆ, ಸ್ಟ್ಯಾಕಿಂಗ್ ಅನಿವಾರ್ಯವೇ, ಜೀವಂತ ಕೀಟಕ್ಕೂ ಅದು ಸಾಧ್ಯವೇ ಎಂದು ಕೇಳಿದ್ದೀರಿ. ಫೋಕಸ್‌ನ ಜಾಗವನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ತೆಗೆದ ಹಲವು ಚಿತ್ರಗಳ ಸ್ಪಷ್ಟ ಭಾಗಗಳನ್ನು ಒಂದೇ ಚಿತ್ರವಾಗಿ ಜೋಡಿಸುವುದೇ ಸ್ಟ್ಯಾಕಿಂಗ್; ಅಷ್ಟು ವರ್ಧನೆಯಲ್ಲಿ ಅದಲ್ಲದೆ ಬೇರೆ ದಾರಿಯಿಲ್ಲವೆಂದೇ ನನ್ನ ಅನುಭವ.

ಸಾಮಾನ್ಯ ಲೆಕ್ಕದಲ್ಲಿ, ವರ್ಧನೆಗೆ ಒಂದನ್ನು ಕೂಡಿಸಿ ಎಫ್ ಸಂಖ್ಯೆಯಿಂದ ಗುಣಿಸಿದಾಗ ಬರುವುದೇ ನಿಜವಾಗಿ ಕೆಲಸ ಮಾಡುವ ಅಪರ್ಚರ್. ಹಾಗಾಗಿ ನಿಮ್ಮ ಎಫ್/16 ಅಲ್ಲಿ ಎಫ್/96 ಆಗಿರುತ್ತದೆ. ಅಷ್ಟು ಕಿರಿದಾದ ರಂಧ್ರದಲ್ಲಿ ಬೆಳಕು ಹರಡಿಕೊಳ್ಳುವುದರಿಂದ, ಅಂದರೆ ವಿವರ್ತನೆಯಿಂದ, ಸೂಕ್ಷ್ಮ ವಿವರಗಳೆಲ್ಲ ಕರಗಿಹೋಗುತ್ತವೆ. ಎಫ್/2.8ಕ್ಕೆ ತೆರೆದರೆ ವಿವರಗಳು ಉಳಿಯುತ್ತವೆ, ಆದರೆ ಫೋಕಸ್‌ನಲ್ಲಿರುವ ಪದರದ ದಪ್ಪ ಸುಮಾರು 0.05 ಮಿ.ಮೀ. ಮಾತ್ರ. ಒಂದು ಮಿ.ಮೀ. ಆಳದ ತಲೆಗೆ ಕ್ಯಾಮೆರಾವನ್ನು ಸರಿಸುವ ರೈಲ್ ಮೇಲೆ 0.03 ಮಿ.ಮೀ. ಅಂತರದಲ್ಲಿ ಮುಂದುವರಿಯುತ್ತ, ಪದರಗಳು ಒಂದರ ಮೇಲೊಂದು ಕೊಂಚ ಹಾಯುವಂತೆ, 35ರಷ್ಟು ಚಿತ್ರಗಳನ್ನು ತೆಗೆಯಬೇಕಾಗುತ್ತದೆ. ಹತ್ತು ಪಟ್ಟಿನ ಮೈಕ್ರೋಸ್ಕೋಪ್ ಆಬ್ಜೆಕ್ಟಿವ್ (ಸೂಕ್ಷ್ಮದರ್ಶಕದ ಲೆನ್ಸ್) ಬಳಸಿದರೆ ಅಂತರ 5 ಮೈಕ್ರಾನ್‌ಗೆ (0.005 ಮಿ.ಮೀ.) ಇಳಿದು, ಅದೇ ತಲೆಗೆ 200 ಚಿತ್ರಗಳು ಬೇಕು. ಛಾಯಾಗ್ರಾಹಕ ಲೆವನ್ ಬಿಸ್ ಆಕ್ಸ್‌ಫರ್ಡ್‌ನ ವಸ್ತುಸಂಗ್ರಹಾಲಯದ ಕೀಟಗಳ ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ತೆಗೆದು ಜೋಡಿಸಿದ ಚಿತ್ರಗಳಲ್ಲಿ ಈ ಸಂಖ್ಯೆ ಸಾವಿರಗಳಿಗೆ ಏರಿತ್ತು.

ಇಷ್ಟಾದರೂ, ರೈಲ್‌ಗಿಂತ ಹೆಚ್ಚು ತೊಂದರೆ ಕೊಡುವುದು ಅಲುಗಾಟ. ಹತ್ತು ಪಟ್ಟಿನಲ್ಲಿ ಕೀಟ ಒಂದೇ ಮೈಕ್ರಾನ್ ಸರಿದರೂ ಸೆನ್ಸರ್ ಮೇಲೆ ಅದು ಹತ್ತು ಮೈಕ್ರಾನ್ ಆಗುತ್ತದೆ, ಅಂದರೆ ಎರಡು ಪಿಕ್ಸೆಲ್‌ಗಳಷ್ಟು. ಮರದ ನೆಲದ ಮೇಲೆ ಯಾರಾದರೂ ನಡೆದರೂ ಸಾಕು. ಆದ್ದರಿಂದ ಸ್ಪೀಡ್‌ಲೈಟನ್ನು (ಕ್ಯಾಮೆರಾದ ಫ್ಲ್ಯಾಶ್) ಕಡಿಮೆ ಶಕ್ತಿಯಲ್ಲಿ ಇಟ್ಟುಕೊಳ್ಳಿ; ಆಗ ಅದರ ಮಿಂಚು ತೀರ ಕ್ಷಣಿಕವಾಗಿರುವುದರಿಂದ ಸಣ್ಣ ಕಂಪನಗಳು ಚಿತ್ರದಲ್ಲಿ ಕಾಣುವುದಿಲ್ಲ. ಬೆಳಕನ್ನು ಮೆದುಗೊಳಿಸದಿದ್ದರೆ ಸಂಯುಕ್ತ ಕಣ್ಣಿನ ಮೇಲೆ ಬಿಳಿ ಚುಕ್ಕೆಗಳು ಸುಟ್ಟಂತೆ ಮೂಡುತ್ತವೆ. ಕೀಟದ ಸುತ್ತ ಟ್ರೇಸಿಂಗ್ ಪೇಪರಿನ ಸುರುಳಿಯನ್ನು ಹತ್ತಿರದಲ್ಲೇ ನಿಲ್ಲಿಸಿ ಹೊರಗಿನಿಂದ ಫ್ಲ್ಯಾಶ್ ಹಾಯಿಸುವುದು ದುಬಾರಿ ಡಿಫ್ಯೂಸರ್‌ಗಳಿಗಿಂತ ನನಗೆ ಹೆಚ್ಚು ಒಗ್ಗಿದೆ.

ಜೀವಂತ ಕೀಟಗಳಾದರೆ ನಸುಕಿನ ಚಳಿಯಲ್ಲಿ, ಅವು ಮೈಬಿಸಿಯೇರದೆ ಜಡವಾಗಿ ಕುಳಿತಿರುವಾಗ, ಎರಡು ಪಟ್ಟಿನೊಳಗೆ ಹತ್ತು ಹದಿನೈದು ಚಿತ್ರಗಳ ಚಿಕ್ಕ ಸ್ಟ್ಯಾಕ್ ಸಾಧ್ಯ. ಕುಡಿಮೀಸೆ ಒಮ್ಮೆ ಆಡಿದರೂ ಅದು ಎರಡೆರಡಾಗಿ ಕಾಣುತ್ತದೆ. ಫ್ರಿಜ್‌ನಲ್ಲಿಟ್ಟು ಮರಗಟ್ಟಿಸುವುದು ನನಗೆ ಒಪ್ಪಿಗೆಯಿಲ್ಲ. ತಾನಾಗಿ ಸತ್ತು ಬಿದ್ದ ಕೀಟ, ಅದರಲ್ಲೂ ಕಣ್ಣು ಒಣಗಿ ಕುಸಿಯುವ ಮೊದಲೇ ಸಿಕ್ಕಿದ್ದು, ಐದು ಪಟ್ಟಿನ ಅಭ್ಯಾಸಕ್ಕೆ ಉತ್ತಮ. ಮೊದಲು ಮೃದುವಾದ ಬ್ರಷ್‌ನಿಂದ ಧೂಳು ತೆಗೆಯಿರಿ.

ಜೋಡಿಸಲು ಜೆರೀನ್ ಸ್ಟ್ಯಾಕರ್ ಎಂಬ ತಂತ್ರಾಂಶ ಬಳಸುವುದಾದರೆ ಅದರ ಪಿಮ್ಯಾಕ್ಸ್, ಡಿಮ್ಯಾಪ್ ಎಂಬ ಎರಡೂ ವಿಧಾನಗಳನ್ನು ಓಡಿಸಿ. ಪಿಮ್ಯಾಕ್ಸ್ ಒಂದನ್ನೊಂದು ಹಾಯುವ ರೋಮಗಳನ್ನು ಚೆನ್ನಾಗಿ ಬಿಡಿಸುತ್ತದೆ, ಆದರೆ ನಾಯ್ಸ್ (ಚಿತ್ರದಲ್ಲಿನ ಕಾಳುಕಾಳಾದ ಚುಕ್ಕೆಗಳು) ಮತ್ತು ಕಾಂಟ್ರಾಸ್ಟ್ ಹೆಚ್ಚಿಸುತ್ತದೆ. ಡಿಮ್ಯಾಪ್ ಬಣ್ಣ ಮತ್ತು ನಯವನ್ನು ಕಾಪಾಡಿಕೊಂಡರೂ ಅಂಚುಗಳ ಸುತ್ತ ಪ್ರಭೆ ಉಳಿಸುತ್ತದೆ. ಡಿಮ್ಯಾಪ್ ಚಿತ್ರವನ್ನು ತಳಹದಿಯಾಗಿಟ್ಟುಕೊಂಡು ರೋಮಗಳಿರುವ ಕಡೆ ಮಾತ್ರ ಪಿಮ್ಯಾಕ್ಸ್‌ನಿಂದ ರೀಟಚ್ ಮಾಡಿ, ಅಲ್ಲಿಯೂ ರೋಮ ಪಾರದರ್ಶಕವಾಗಿ ಕಂಡರೆ ಆ ರೋಮ ಸ್ಪಷ್ಟವಾಗಿರುವ ಮೂಲ ಚಿತ್ರದಿಂದಲೇ ತುಂಬಿಸಿ.