ಸಭೆಯ ದುಡ್ಡು ಮುಟ್ಟದ ಪಾಸ್ಟರನ್ನು ಯಾರೂ ಪ್ರಶ್ನೆ ಮಾಡಲ್ಲ ಅಲ್ವಾ?

ಕೆಲಸ ಬಿಡದೆ, ಸಭೆಯಿಂದ, ಅಂದರೆ ಚರ್ಚಿನಿಂದ, ಒಂದು ರೂಪಾಯಿಯೂ ತೆಗೆದುಕೊಳ್ಳದೆ ಪಾಸ್ಟರ್ ಆಗಿದ್ದರೆ ಯಾರೂ ಬೆರಳು ತೋರಿಸುವುದಿಲ್ಲ ಅಲ್ವಾ ಅಂತ ಕೇಳಿದ್ದೀರಿ. ತೋರಿಸುತ್ತಾರೆ ಬ್ರದರ್. ನನಗೆ ತೋರಿಸಿದರು.

ತಾಲೂಕು ಕಚೇರಿ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ, ಆಧಾರ್ ಜೆರಾಕ್ಸ್, ಅರ್ಜಿ ತುಂಬಿಕೊಡುವುದು, ಇಷ್ಟರಲ್ಲೇ ಮನೆ ನಡೆಯುತ್ತಿತ್ತು. ಭಾನುವಾರ ಸಭೆ. ಸಂಬಳ ಬೇಡ ಅಂದಿದ್ದೆ. ಬೈಬಲಿನ ಅಪೊಸ್ತಲ ಪೌಲನೂ ಕೊರಿಂಥ ಪಟ್ಟಣದಲ್ಲಿ ಅಕ್ವಿಲ ಅನ್ನುವವನ ಜೊತೆ ಗುಡಾರ ಮಾಡುವ ಕಸುಬು ಮಾಡಿಕೊಂಡೇ ಸುವಾರ್ತೆ ಸಾರಿದ ಅಂತ ಪ್ರಸಂಗದಲ್ಲಿ ಆಗಾಗ ಹೇಳುತ್ತಿದ್ದೆ. ಹೇಳುವಾಗ ಸ್ವಲ್ಪ ಜಂಬವೂ ಇತ್ತು.

ಕಟ್ಟಡಕ್ಕೆ ಕಾಣಿಕೆ ಎತ್ತಲು ಶುರು ಮಾಡಿದಾಗ ಎಲ್ಲರೂ ಫೋನ್‌ಪೇ ಕೇಳಿದರು. ಸಭೆ ಹೆಸರಲ್ಲಿ ಖಾತೆ ಬೇಕು ಅಂದರೆ ನೋಂದಣಿ, ಪ್ಯಾನ್, ಠರಾವು ಅಂತ ಓಡಾಡಬೇಕು. ಸದ್ಯಕ್ಕೆ ಇರಲಿ ಅಂತ ಅಂಗಡಿಯ ಕ್ಯೂಆರ್ ಸ್ಟಿಕ್ಕರನ್ನೇ ಕಾಣಿಕೆ ಪೆಟ್ಟಿಗೆ ಮೇಲೆ ಅಂಟಿಸಿದೆ. ಎಡವಿದ್ದು ಅಲ್ಲೇ. ಇದನ್ನು ಬಿಡಿಸಿ ಹೇಳಲೇಬೇಕು. ಜೆರಾಕ್ಸ್ ಮಷೀನಿನ ಸಾಲದ ಕಂತು ಹೋಗುತ್ತಿದ್ದದ್ದು ಅದೇ ಖಾತೆಯಿಂದ. ಅಂಗಡಿಗೆ ಬಂದ ಹತ್ತು ರೂಪಾಯಿ, ಯಾರೋ ಅಜ್ಜಿ ಮೊಮ್ಮಗನ ಫೋನಿನಿಂದ ಹಾಕಿಸಿದ ನೂರು ರೂಪಾಯಿ ಕಾಣಿಕೆ, ಎರಡೂ ಒಂದೇ ಪಟ್ಟಿಯಲ್ಲಿ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ, ಇಲ್ಲ ಅನ್ನಲ್ಲ. ಆದರೆ ಬರೆದವನೂ ನಾನೇ, ನೋಡಿದವನೂ ನಾನೇ. ಮಳೆಗಾಲದಲ್ಲಿ ವ್ಯಾಪಾರ ಬಿತ್ತು. ಬ್ಯಾಂಕಿನವರು ಕಂತು ಕತ್ತರಿಸಿಕೊಂಡರು. ನನ್ನ ದುಡ್ಡು ಖಾಲಿಯಾಗಿದ್ದ ಖಾತೆಯಲ್ಲಿ ಅವರು ಕತ್ತರಿಸಿದ್ದು ಯಾರ ದುಡ್ಡು? ಆಮೇಲೆ ತುಂಬಿದೆ. ಆದರೆ ಮೇಸ್ತ್ರಿ ಅಡ್ವಾನ್ಸ್ ಕೇಳಿದ ದಿನ ಇರಲಿಲ್ಲ.

ಹಿರಿಯರೊಬ್ಬರು ಮೆತ್ತಗೆ, "ಪಾಸ್ಟರೇ, ಒಂದ್ಸಲ ಸ್ಟೇಟ್‌ಮೆಂಟ್ ತೋರಿಸ್ತೀರಾ?" ಅಂದರು. "ಸಂಬಳನೇ ತಗೊಳ್ದಿರೋ ನನ್ನನ್ನ ಕೇಳ್ತೀರಾ?" ಅಂತ ರೇಗಿದೆ. ಅಲ್ಲಿಗೆ ಮುಗಿಯಿತು. ಕೆಲವು ಕುಟುಂಬಗಳು ಸಭೆ ಬಿಟ್ಟವು, ಆಮೇಲೆ ನಾನೂ ಬಿಟ್ಟೆ.

ಬೇಜಾರು ಮಾಡ್ಕೋಬೇಡಿ, ನಿಮ್ಮ ಪ್ರಶ್ನೆಯಲ್ಲೂ ಅದೇ ವಾಸನೆ ಇದೆ. ಸಂಬಳ ಬಿಟ್ಟರೆ ಲೆಕ್ಕ ಕೊಡುವುದರಿಂದ ರಿಯಾಯಿತಿ ಸಿಗುತ್ತೆ ಅಂದುಕೊಂಡಿದ್ದೀರಿ. ಪೌಲ ಹಾಗೆ ಅಂದುಕೊಳ್ಳಲಿಲ್ಲ. ಕೊರಿಂಥದವರಿಂದ ತನಗೆ ಏನೂ ಬೇಡ ಅಂದವನು, ಫಿಲಿಪ್ಪಿ ಪಟ್ಟಣದ ಸಭೆಯವರು ಕಳಿಸಿದ್ದನ್ನು ಸಂತೋಷವಾಗಿ ತೆಗೆದುಕೊಂಡ. ಯೆರೂಸಲೇಮಿನ ಬಡವರಿಗೆ ಎತ್ತಿದ ದುಡ್ಡನ್ನು ಮಾತ್ರ ಒಬ್ಬನೇ ಕೈಯಲ್ಲಿ ಇಟ್ಟುಕೊಳ್ಳಲಿಲ್ಲ. ತನ್ನ ಜೊತೆ ಸೇವಕ ತೀತನ ಜೊತೆ, ಸಭೆಗಳೇ ಆರಿಸಿದ ಇನ್ನೊಬ್ಬನನ್ನೂ ಸೇರಿಸಿದ. ಯಾರೂ ತಪ್ಪು ಹೊರಿಸಬಾರದು ಅಂತ ಕಾರಣವನ್ನೂ ಬರೆದಿದ್ದಾನೆ. ಬೈಬಲಿನಲ್ಲಿ ಅವನು ಕೊರಿಂಥದವರಿಗೆ ಬರೆದ ಎರಡನೇ ಪತ್ರದ (2 ಕೊರಿಂಥ) 8ನೇ ಅಧ್ಯಾಯ ಓದಿ. ಗುಡಾರದ ಬಗ್ಗೆ ಅಷ್ಟೊಂದು ಪ್ರಸಂಗ ಮಾಡಿದ ನಾನು ಇದರ ಮೇಲೆ ಒಂದೂ ಮಾಡಿರಲಿಲ್ಲ.

ಸ್ವಾವಲಂಬನೆ ಬೇಕಾಗಿರುವುದು ಸಭೆಗೆ. ಮಿಜೋರಾಂನಲ್ಲಿ ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ಸಭೆಗೆ ಅಂತ ತೆಗೆದಿಡುತ್ತಾರೆ. ಅದನ್ನು ಒಟ್ಟುಮಾಡಿ, ಮಾರಿ, ಸೇವೆಯ ಖರ್ಚಿಗೆ ಕೊಡುತ್ತಾರೆ. ನಾನು ಸುಮ್ನೆ ಪುಕ್ಕಟೆ ದುಡಿದು, ನಮ್ಮ ಸಭೆಯವರಿಗೆ ಕಾಣಿಕೆ ಕೊಡುವ ರೂಢಿಯನ್ನೇ ತಪ್ಪಿಸಿದೆ.

ಕೆಲಸ ಇಟ್ಟುಕೊಳ್ಳಿ, ಬಿಡಿ, ಮನೆಯವರ ಜೊತೆ ಕೂತು ಮಾತಾಡಿ. ಆದರೆ ಸಣ್ಣದಾದರೂ ಸಂಬಳ ತೆಗೆದುಕೊಂಡು ವೋಚರಿಗೆ ಸಹಿ ಹಾಕಿ. ಸಭೆ ಖಾತೆಗೆ ಇಬ್ಬರ ಸಹಿ ಇರಲಿ, ಅದರಲ್ಲಿ ನಿಮ್ಮದೂ ಬೇಡ, ನಿಮ್ಮ ಹೆಂಡತಿಯದೂ ಬೇಡ. ಕಾಣಿಕೆ ಎಣಿಸುವಾಗ ಹೊರಗೆ ನಿಂತು ಜನರ ಹತ್ತಿರ ಮಾತಾಡಿ. ಖಾತೆ ಆಗುವವರೆಗೆ ನಗದು ಮತ್ತು ರಸೀದಿ ಪುಸ್ತಕ ಸಾಕು. ಫೋನ್‌ಪೇ ಇಲ್ವಾ ಅಂತ ಗೊಣಗುತ್ತಾರೆ, ಗೊಣಗಲಿ ಬಿಡಿ.