ಥಿಯೇಟರ್: ಸಿನಿಮಾಗೂ ಆಪರೇಷನ್ನಿಗೂ ಒಂದೇ ಪದ ಏಕೆ?
ಮೂಲ ಗ್ರೀಕಿನ ‘ಥೆಯಾಟ್ರಾನ್’, ಅಂದರೆ ನೋಡುವ ಜಾಗ. ನನಗೆ ತುಂಬ ಹಿಡಿಸಿದ ಸಂಗತಿಯೆಂದರೆ, ಮೊದಲು ಈ ಹೆಸರಿದ್ದದ್ದು ನಟರು ಕುಣಿಯುವ ಕಡೆಗಲ್ಲ, ಜನ ಕೂರುವ ಕಡೆಗೆ. ಅಥೆನ್ಸ್‌ನಲ್ಲಿ ಗುಡ್ಡದ ಇಳಿಜಾರಿನಲ್ಲಿ ಕೂತು ಕೆಳಗಿನ ಆಟ ನೋಡುತ್ತಿದ್ದರು.

ಆಪರೇಷನ್ ಥಿಯೇಟರಿಗೂ ಆ ನೋಟವೇ ಕಾರಣ. ಇಟಲಿಯ ಪಾದುವಾದಲ್ಲಿ 1590ರ ದಶಕದಲ್ಲಿ ಕಟ್ಟಿದ ಅಂಗರಚನಾ ಥಿಯೇಟರಿನಲ್ಲಿ ಒಂದರ ಮೇಲೊಂದು ಆರು ಸುತ್ತು ಮರದ ಕಟಕಟೆ. ವಿದ್ಯಾರ್ಥಿಗಳು ಅಲ್ಲಿಂದ ಬಗ್ಗಿ, ಕೆಳಗೆ ಮೇಜಿನ ಮೇಲೆ ಹೆಣ ಕೊಯ್ಯುವುದನ್ನು ನೋಡಿ ಕಲಿಯುತ್ತಿದ್ದರು. ಮುಂದೆ ಶಸ್ತ್ರಚಿಕಿತ್ಸೆಗಳೂ ಹೀಗೆಯೇ ನಡೆದವು. ಆಮೇಲೆ ನೋಡುಗರು ಹೋದರು, ಹೆಸರು ಉಳಿಯಿತು.

ಸೇನೆಯವರಿಗೆ ಯುದ್ಧ ನಡೆಯುವ ಇಡೀ ಪ್ರದೇಶವೇ ಥಿಯೇಟರ್. ನಮ್ಮ ‘ರಣರಂಗ’ದಲ್ಲೂ ರಂಗವಿದೆಯಲ್ಲ!